ಅಪ್ಪನ ಡಬ್ಬಿ ಇನ್ನೂ ಅಮೆರಿಕಾದಾಗ ಐತಿ

ಹಾಲೇಶಾ,

ಮಾಳಿಗಿ ಮ್ಯಾಲಿನ ನಿನ್ನ ರೇಡಿಯೊ ಡಬ್ಬಿ ನೋಡಾಕ ವೈರ್‌ಲೆಸ್ ಆಫೀಸಿನವರು ಬಂದಿದ್ರು. ಅದನ್ನ ಅಮೆರಿಕಾದ ತರಂಗಕ್ಕ ಇಟ್ಟೀಯಂತ, ಇಲ್ಲಿ ಅದು ಮೊಬೈಲ್ ಟವರಿಗೆ ಅಡ್ಡ ಬರತೈತಿ. ಲೈಸೆನ್ಸ್ ಬೇಕಿಲ್ಲದ ತರಂಗ ನಮ್ಮ ದೇಶದಾಗ ಬ್ಯಾರೆ ಐತಿ. ತಂದ ದಿನಾನ ಬದಲಿ ಮಾಡು ಅಂದಿದ್ದೆ, ನೀ ಕೇಳಲಿಲ್ಲ. ಅವರ ಮುಂದನ ‘ಇಂಡಿಯಾ’ಕ್ಕ ಹಾಕೀನಿ. ವಾಪಸ್ ತಿರುಗಿಸಬ್ಯಾಡ. ಸಂಜಿಕ ಮತ್ತ ನೋಡಾಕ ಬರತಾರ, ತಿರುಗಿಸಿದ್ದರ ಡಬ್ಬಿ ಜಪ್ತಿ ಆಗತೈತಿ.

ಆದರ ಹೊಲದಾಗ ಅಪ್ಪನ ಕಡೆ ಇರೋ ಡಬ್ಬಿ ಹಳೇ ತರಂಗದಾಗನ ಐತಿ. ಈಗ ಅದು ಕರೆದರ ಇದಕ್ಕ ಕೇಳೂದಿಲ್ಲ. ಅಲ್ಲಿ ಫೋನೂ ಹತ್ತೂದಿಲ್ಲ. ಅದನ್ನ ಬದಲಿ ಮಾಡಾಕ ನಿನ್ನ ಬೈಕ್ ತಗೊಂಡು ಹೊಂಟೀನಿ. ಅನ್ನ ಮುಚ್ಚಿಟ್ಟೀನಿ, ಉಣ್ಣು.

ಶುಗರ್ ಇಳಿದು ತಲಿ ತಿರುಗಿದ್ರ ಡಬ್ಬಿ ಗುಂಡಿ ಒತ್ತಪ್ಪಾ, ಓಡಿ ಬರತೀವಿ ಅಂತ ಮುಂಜಾನೆ ನಾನ ಹೇಳಿ ಕಳಿಸೀನಿ.

ಅಕ್ಕ