ನದಿಯ ನೀರು ರಸ್ತೆ ದಾಟದ ಬಗ್ಗೆ

ಮಾನ್ಯ ನೀರಾವರಿ ಅಧಿಕಾರಿಗಳೇ,

ಒಡಹುಟ್ಟಿದ ತಂಗಿಯನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಆ ಉರಿ ಹಚ್ಚಿದವರು ತಾವೇ ಆದ್ದರಿಂದ ತಮಗೇ ಬರೆಯುತ್ತಿದ್ದೇನೆ, ಊರಿಗೆಲ್ಲ ಕೇಳುವಂತೆ.

ಅಪ್ಪ ಗದ್ದೆಯನ್ನು ನಮ್ಮಿಬ್ಬರಿಗೂ ಸಮನಾಗಿ ಹಂಚಿದರು. ನಡುವೆ ಡಾಂಬರು ರಸ್ತೆ. ಆಚೆಯದು ಅವಳಿಗೆ, ಈಚೆಯದು ನನಗೆ. ಇಬ್ಬರೂ ಕೊಳವೆಬಾವಿಯ ನೀರನ್ನೇ ಗದ್ದೆಯಲ್ಲಿ ನಿಲ್ಲಿಸಿ ಭತ್ತ ಬೆಳೆದೆವು. ಆ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇದೆ, ವರ್ಷಗಟ್ಟಲೆ ಮಣ್ಣಿಗಿಳಿದಿದೆ, ಮಣ್ಣಿನಿಂದ ಅಕ್ಕಿಗೆ ಏರಿದೆ ಎಂದು ತಮ್ಮ ಇಲಾಖೆಯವರೇ ಬಂದು ಹೇಳಿದರು. ಆಮೇಲೆ ತಂಗಿಯ ಗದ್ದೆಗೆ ನದಿಯ ನೀರಿನ ಪೈಪು ಬಂತು, ಮೇಲ್ಮಣ್ಣು ತೆಗೆದು ಹೊಸ ಮಣ್ಣು ಹಾಕಿಸಿದಿರಿ, ಅವಳ ಅಕ್ಕಿಚೀಲಕ್ಕೆ ‘ಪರೀಕ್ಷಿತ’ ಎಂಬ ಹಸಿರು ಮುದ್ರೆಯೂ ಬಿತ್ತು. ನನಗೆ? ರಸ್ತೆಯ ಈಚೆಗೆ ಬೇರೆ ವಿಭಾಗವಂತೆ, ಪ್ರಸ್ತಾವನೆ ಪರಿಶೀಲನೆಯಲ್ಲಿದೆಯಂತೆ. ವಿಷವೂ ತಮ್ಮ ನಕ್ಷೆ ನೋಡಿಕೊಂಡೇ ಇಳಿಯುತ್ತದೆಯೇ, ಸ್ವಾಮಿ?

ನನ್ನ ಗಂಡನ ಅಂಗೈಯಲ್ಲಿ ಚರ್ಮ ಗಂಟುಗಂಟಾಗಿ ದಪ್ಪಗಟ್ಟಿದೆ. ಆ ನೀರು, ಆ ಅಕ್ಕಿ ಎರಡನ್ನೂ ಬಿಡಿ ಎಂದರು ಆಸ್ಪತ್ರೆಯ ಡಾಕ್ಟರಮ್ಮ. ತಂಗಿಯ ಗಂಡನಿಗೂ ಹಾಗೇ ಶುರುವಾಗಿತ್ತು. ಈಗ ಹೆಚ್ಚುವುದು ನಿಂತಿದೆ. ಅವರ ಮನೆಗೆ ಹೋದರೆ ನಾನು ಮೊದಲು ನೋಡುವುದು ಆ ಮನುಷ್ಯನ ಕೈಯನ್ನು. ವಾಸಿಯಾಗದೆ ಇರಬಾರದೇ ಎಂದೂ ಒಮ್ಮೊಮ್ಮೆ ಅನಿಸುತ್ತದೆ. ನನ್ನನ್ನು ಅಷ್ಟು ಕೀಳಿಗಿಳಿಸಲು ತಮ್ಮ ಒಂದು ಪೈಪು ಸಾಕಾಯಿತು.

ಕಳೆದ ತಿಂಗಳು ತಂಗಿ ಸ್ಕೂಟರಿನಲ್ಲಿ ಒಂದು ಚೀಲ ಅಕ್ಕಿ ತಂದಳು. ಹಸಿರು ಮುದ್ರೆ ಕಂಡದ್ದೇ ನನಗೆ ರೇಗಿತು.

“ತಗೊಂಡು ಹೋಗು. ನಮ್ಮನೇಲೇನು ಅಕ್ಕಿ ಇಲ್ವಾ?” ಅಂದೆ.

“ಇದೆಯಲ್ಲಾ, ಅದಕ್ಕೇ ತಂದೆ ಅಕ್ಕಾ,” ಅಂದಳು.

“ದೊಡ್ಡಸ್ತಿಕೆ ಬೇಡ. ಆ ನೀರೇನು ನೀನು ಮಾಡಿದ ಪುಣ್ಯಕ್ಕೆ ಬಂದಿದ್ದಲ್ಲ.”

“ಅಲ್ಲ. ಭಾವನ ಕೈ ನೆನಪಾದ್ರೆ ನಂಗೆ ತುತ್ತು ಇಳಿಯಲ್ಲ. ಬೇಕಾದ್ರೆ ಬೈಕೋ, ಅಕ್ಕಿ ಮಾತ್ರ ಇಟ್ಕೋ.”

ಗಂಡ ಹೊರಗೆ ಬಂದು ಚೀಲ ಎತ್ತಲು ಹೋದರು. ಬೆರಳು ಮಡಚಲಾಗದೆ ಅದು ಜಾರಿತು. ತಂಗಿಯೂ ನಾನೂ ಒಂದೊಂದು ತುದಿ ಹಿಡಿದು ಒಳಗಿಟ್ಟೆವು. ಅಂದು ಅವಳ ಅಕ್ಕಿಯದೇ ಅನ್ನ ಮಾಡಿದೆ. ನಮ್ಮದಕ್ಕೂ ಅದಕ್ಕೂ ರುಚಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ನನಗೆ ಭಯವಾದದ್ದು ಆಗ.

ನಮ್ಮ ಭತ್ತವನ್ನು ಸರಕಾರಿ ಖರೀದಿ ಕೇಂದ್ರಕ್ಕೆ ಒಯ್ದೆವು. “ಇದು ರಸ್ತೆ ಈಚೆ ಕಡೇದು, ಪರೀಕ್ಷೆ ಆಗಿಲ್ಲ,” ಎಂದು ನಾನೇ ಹೇಳಿದೆ. “ತೇವ ಸರಿಯಾಗಿದೆಯಲ್ಲಮ್ಮಾ, ಇಳಿಸಿ,” ಎಂದ ತೂಕದವನು. ನಾನು ಇಳಿಸಲಿಲ್ಲ, ಗಾಡಿ ತಿರುಗಿಸಿದೆ. ಚೀಲಗಳೆಲ್ಲ ಈಗ ನಮ್ಮ ನಡುಮನೆಯಲ್ಲಿವೆ. ಅವುಗಳ ಸಂದಿಯಲ್ಲೇ ಓಡಾಡುತ್ತೇವೆ. ನೆರೆಯವರ ಭತ್ತವೆಲ್ಲ ಅಲ್ಲಿ ಇಳಿಯಿತು. ಅವರನ್ನು ದೂರಲಾರೆ, ಅವರಿಗೂ ಒಲೆ ಉರಿಯಬೇಕು. ಆದರೆ ಅದು ಯಾರ ಮನೆಯ ತಟ್ಟೆ ಸೇರಿತೆಂದು ತಮಗಾದರೂ ಗೊತ್ತಿದೆಯೇ?

ಮುಂದಿನ ಬಿತ್ತನೆಗೆ ಮುಂಚೆ ಆ ಪೈಪನ್ನು ರಸ್ತೆ ದಾಟಿಸಿ. ನಮ್ಮ ಮಣ್ಣನ್ನೂ ಪರೀಕ್ಷಿಸಿ, ಬಂದ ಫಲಿತಾಂಶವನ್ನು ನಮಗೂ ತಿಳಿಸಿ. ಪರೀಕ್ಷೆಯಾಗದ ಒಂದು ಕಾಳನ್ನೂ ಕೊಳ್ಳಬೇಡಿ. ಉಪಕಾರ ಕೇಳುತ್ತಿಲ್ಲ. ತಂಗಿ ಮನೆಗೆ ಬಂದರೆ ಅವಳ ಮುಖ ನೋಡಿ ಮಾತಾಡುವಷ್ಟು ಸಮಾಧಾನ ನನಗೆ ಬೇಕಾಗಿದೆ.

ಇಂತಿ,
ತಂಗಿ ಕೊಟ್ಟ ಅನ್ನ ಉಂಡು
ಅವಳನ್ನೇ ಕರುಬುತ್ತಿರುವ ಅಕ್ಕ