ಎಡದ್ದು ನನ್ನದು

ವರ್ಕ್‌ಶಾಪು, ನನ್ನ ಕಡೆಯ ಬೆಂಚು
ತಾರೀಕು ಹದಿನೆಂಟು, ಗುರುವಾರ ಮಧ್ಯಾಹ್ನ

ಪ್ರೀತಿಯ ತಂಗೀ,

ಹೇಗಿದ್ದೀಯ? ಮಂಡಿನೋವು ಇಳಿಯಿತೋ, ಇಲ್ಲ ಮಗಳ ಮನೆಯಲ್ಲೂ ಬಾಣಂತಿ ಕೋಣೆಗೂ ಅಡುಗೆಮನೆಗೂ ಓಡಾಡಿ ಜಾಸ್ತಿ ಮಾಡಿಕೊಂಡೆಯೋ? ಮಗಳು ಚೆನ್ನಾಗಿ ಉಣ್ಣಲಿ. ಕೂಸಿನ ಮೂಗು ನಮ್ಮ ಕಡೆಯದೇ, ಅನುಮಾನವೇ ಇಲ್ಲ. ನನಗೆ ಹೇಗೆ ಗೊತ್ತು ಅಂತ ಕೇಳು. ನೀನು ಕಳಿಸಿದ ಫೋಟೋ ನೋಡಿ ಅಲ್ಲ, ನನಗೆ ನೀನು ಏನೂ ಕಳಿಸಿಲ್ಲ. ನಡುವಿನ ತಗಡಿನ ಗೋಡೆಯಲ್ಲಿ ಸ್ಪ್ಯಾನರ್ ದಾಟಿಸಲು ಕೊರೆದ ಕಿಂಡಿ ಇದೆಯಲ್ಲ, ಅದರಲ್ಲಿ ಬಗ್ಗಿ ನೋಡಿದೆ. ನಿನ್ನ ಮುದ್ದಿನ ತಮ್ಮ ಎಡಚ ಅದನ್ನು ತನ್ನ ಬೆಂಚಿನ ಮೇಲೆ, ಗ್ರೀಸ್ ತಾಗದ ಎತ್ತರದಲ್ಲಿ ಅಂಟಿಸಿಕೊಂಡಿದ್ದಾನೆ. ಎರಡು ತಿಂಗಳಲ್ಲಿ ಅವನಿಗೆ ಎರಡು ಕಾಗದ, ಒಂದು ಫೋಟೋ. ನನಗೆ ಸೊನ್ನೆ. ಪೋಸ್ಟಿನವನು ನನ್ನ ಬಾಗಿಲು ದಾಟಿಯೇ ಅವನ ಬಾಗಿಲಿಗೆ ಹೋಗಬೇಕು. ನಾನೇನೂ ಕಾದು ನಿಂತಿರಲಿಲ್ಲ. ಕಣ್ಣಿಗೆ ಬಿತ್ತು, ಅಷ್ಟೆ.

ಹೊಟ್ಟೆಕಿಚ್ಚು ಅಂತೀಯ. ಹೌದು, ಹೊಟ್ಟೆಕಿಚ್ಚೇ. ಈ ವಯಸ್ಸಿನಲ್ಲಿ ಸುಳ್ಳು ಹೇಳಿ ನನಗೆ ಏನಾಗಬೇಕಿದೆ. ಆರನೇ ಕ್ಲಾಸಿಗೆ ನಾನು ಪುಸ್ತಕ ಬಿಟ್ಟು ಸ್ಪ್ಯಾನರ್ ಹಿಡಿದೆ, ಅವನು ಡಿಪ್ಲೊಮಾ ಮಾಡಿ ಬಂದ. ಅದಕ್ಕೂ ನಾನು ಏನೂ ಅಂದವನಲ್ಲ. ಹೋದ ವರ್ಷದ ಮಾತು ಮಾತ್ರ ಗಂಟಲಲ್ಲೇ ಉಳಿದಿದೆ. ಕಾರಿನ ಎಂಜಿನ್ನಿನಿಂದ ನಾನು ಮಾಡಿದ ದೋಣಿ ಎಂಜಿನ್ನಿನಲ್ಲಿ ವಾಲ್ವು ತೆರೆಯುವ ಕ್ಯಾಮು ಮಾತ್ರ ಕಾರಿನದ್ದನ್ನೇ ಬಿಟ್ಟಿದ್ದೆ, ನಿಧಾನಕ್ಕೆ ಓಡುವಾಗ ಅದು ಸೈಲೆನ್ಸರಿನ ನೀರನ್ನು ತಾನೇ ಹಿಂದಕ್ಕೆ ಹೀರಿಕೊಂಡು ಸತ್ತಿತು. ತಪ್ಪು ನನ್ನದೇ. ಆದರೆ ನಾಲ್ಕು ಜನ ಗಿರಾಕಿಗಳ ಮುಂದೆ ಆ ಎಡಚ, "ಅಣ್ಣ ಮಾಡಿದ ಎಂಜಿನ್ನಿಗೆ ಬಾಯಾರಿಕೆ ಜಾಸ್ತಿ" ಅಂದನಲ್ಲ. ಎಲ್ಲರೂ ನಕ್ಕರು. ನೀನೂ ನಕ್ಕೆ, ನಾನು ನೋಡಿದೆ. ಮಾರನೆಯ ದಿನವೇ ತಗಡು ತಂದು ನಡುವೆ ಹೊಡೆದೆ. ಹದಿನಾಲ್ಕು ತಿಂಗಳಾಯಿತು, ಮಾತಿಲ್ಲ. ನೀನು ಆಚೆ ಈಚೆ ಓಡಾಡಿ ಮಾತು ದಾಟಿಸುತ್ತಿದ್ದೆ, ಹೇಗೋ ನಡೆಯುತ್ತಿತ್ತು.

ಈಗ ಆಗಿದ್ದನ್ನು ಕೇಳು. ನೀನು ಹೋದ ಮೂರನೇ ದಿನ ಆ ರೇಸಿನ ಹುಚ್ಚಿನ ಹಲ್ಲಿನ ಡಾಕ್ಟರಮ್ಮ ಬಂದಳು. ಹೊಸ ದೋಣಿ ಕಟ್ಟಿಸಿದ್ದಾಳೆ, ಎರಡು ಎಂಜಿನ್ನಿನದು. ಎರಡು ಕಾರಿನ ಎಂಜಿನ್ನು, ಕಂಪನಿಯ ಮರದ ಪೆಟ್ಟಿಗೆ ಇನ್ನೂ ಒಡೆದಿರಲಿಲ್ಲ, ನನ್ನ ಬಾಗಿಲಲ್ಲಿ ಒಂದು, ಅವನ ಬಾಗಿಲಲ್ಲಿ ಒಂದು ಇಳಿಸಿದಳು. ಒಂದು ಇದ್ದಂತೆಯೇ ಬಲಕ್ಕೆ ತಿರುಗಬೇಕು, ಇನ್ನೊಂದನ್ನು ತಿರುವುಮುರುವು ಮಾಡಿ ಎಡಕ್ಕೆ ತಿರುಗಿಸಬೇಕು. ನೀರೊಳಗಿನ ಎರಡು ಫ್ಯಾನು ಒಂದಕ್ಕೊಂದು ಎದುರಾಗಿ ತಿರುಗಿದರೇ ದೋಣಿ ನೆಟ್ಟಗೆ ಹೋಗುವುದು. ಯಾವುದು ಯಾರಿಗೆ ಅಂತ ನೀವೇ ಹಂಚಿಕೊಳ್ಳಿ ಅಂದು ಹೋದಳು. ಹಂಚಿಕೊಡಲು ನೀನಿಲ್ಲ. ನೀನು ಸಾಮಾನು ಬರೆದಿಡುತ್ತಿದ್ದ ಸ್ಲೇಟು ಸಿಕ್ಕಿತು. ಕಷ್ಟದ ಕೆಲಸ ದೊಡ್ಡವನಿಗೆ ತಾನೇ? "ಎಡದ್ದು ನನ್ನದು" ಅಂತ ಬರೆದು ಕಿಂಡಿಯಲ್ಲಿ ತೂರಿಸಿದೆ. ಸಂಜೆಗೆ ಸ್ಲೇಟು ವಾಪಸು ಬಂತು, ಕೆಳಗೆ "ಆಗಲಿ" ಅಂತ ಅವನ ದುಂಡಕ್ಷರ. ಸೋತ ಮಗ ಅಂದುಕೊಂಡೆ. ಆ ರಾತ್ರಿ ಎರಡು ತುತ್ತು ಜಾಸ್ತಿ ಸೇರಿತು.

ಅಂಥ ಎಂಜಿನ್ ನಾನು ಜನ್ಮದಲ್ಲಿ ಮಾಡಿಲ್ಲ ಕಣೇ. ನಿನಗೆ ಗೊತ್ತಿರುವುದೇ ಆದರೂ ಹೇಳುತ್ತೇನೆ, ಯಾರಿಗಾದರೂ ಹೇಳಬೇಕಲ್ಲ. ನೀರಿನ ತೂತಿಗೆ ಜಡಿದ, ತುಕ್ಕು ಹಿಡಿಯುವ ಕಬ್ಬಿಣದ ಬಿರಡೆ ಕಿತ್ತು ಹಿತ್ತಾಳೆಯದು ಕೂರಿಸಿದೆ. ದೋಣಿಯ ಹೊಟ್ಟೆಯಲ್ಲಿ ಪೆಟ್ರೋಲಿನ ಹೊಗೆ ಕೂತಿರುತ್ತದೆ ಅಂತ ಕಿಡಿ ಹೊರಗೆ ಬಿಡದ ಸ್ಟಾರ್ಟರ್ ಹಾಕಿದೆ, ಅದೂ ಎಡಕ್ಕೆ ತಿರುಗುವಂಥದ್ದು. ಕ್ಯಾಮು ದೋಣಿಯದೇ, ಮೂರು ಸಲ ಅಳೆದೆ. ಎಡಕ್ಕೆ ತಿರುಗಲಿ ಅಂತ ಮುಂದಿನ ಚೈನು ತೆಗೆದು ಎರಡು ಹಲ್ಲುಚಕ್ರ ಕಚ್ಚಿಸಿದೆ, ಇದ್ದಂತೆ ತಿರುಗುವುದಕ್ಕಾದರೆ ಚೈನೇ ಸಾಕು. ಚೈನಿಗೆ ಸದ್ದಿಲ್ಲ, ಹಲ್ಲುಚಕ್ರ ಮಾತ್ರ ಸಣ್ಣಗೆ ರಾಗ ಎಳೆಯುತ್ತದೆ. ಕೇಳಿದರೆ ನಿನಗೂ ಇಷ್ಟವಾಗುತ್ತಿತ್ತು.

ಸೋಮವಾರ ದೋಣಿ ನೀರಿಗಿಳಿಯಿತು. ಕಟ್ಟೆಯ ಮೇಲೆ ಮೂವತ್ತು ಜನ. ನಾನು ಈ ತುದಿ, ಅವನು ಆ ತುದಿ. ಡಾಕ್ಟರಮ್ಮ ಎರಡೂ ಗೇರು ಮುಂದಕ್ಕೆ ತಳ್ಳಿದಳು. ದೋಣಿ ಮುಂದೆ ಹೋಗಲಿಲ್ಲ, ಹಿಂದೆಯೂ ಹೋಗಲಿಲ್ಲ. ನಿಂತಲ್ಲೇ ಬುಗುರಿಯ ಹಾಗೆ ತಿರುಗಿತು. ಒಂದು ಸುತ್ತು, ಎರಡು ಸುತ್ತು, ಅವಳ ಟೋಪಿ ಹಾರಿ ನೀರಿಗೆ ಬಿತ್ತು. ಎರಡೂ ಎಂಜಿನ್ನು ಎಡಕ್ಕೇ ತಿರುಗುತ್ತಿದ್ದವು, ಎರಡು ಫ್ಯಾನಿನ ರೆಕ್ಕೆ ಎದುರುಬದುರು ಓರೆ, ಹಾಗಾಗಿ ಒಂದು ಫ್ಯಾನು ಮುಂದಕ್ಕೆ ದೂಡಿದರೆ ಇನ್ನೊಂದು ಹಿಂದಕ್ಕೆ. ನಾನು ಎಡದ್ದು ಅಂದದ್ದು ಎಡಕ್ಕೆ ತಿರುಗುವುದು. ಡಿಪ್ಲೊಮಾದವನಿಗೆ ಎಡದ್ದು ಅಂದರೆ ದೋಣಿಯ ಎಡಗಡೆ ಕೂರುವುದಂತೆ. ಎಡಗಡೆಯದು ಇದ್ದಂತೆ ತಿರುಗುತ್ತದೆ, ಬಲಗಡೆಯದೇ ತಿರುವುಮುರುವು ಅಂತ ಅವನ ಲೆಕ್ಕ. ಮೂವತ್ತು ಜನ ನಕ್ಕರು. ಈ ಸಲ ನನ್ನ ಜೊತೆ ಅವನನ್ನೂ ನೋಡಿ ನಕ್ಕರು. ಸುಳ್ಳೇಕೆ, ಒಂದು ಗಳಿಗೆ ಹಿತವಾಯಿತು.

ಡಾಕ್ಟರಮ್ಮ ಬೈಯಲಿಲ್ಲ. ಎರಡೂ ಎಂಜಿನ್ನು ಎತ್ತಿಸಿ ಇಲ್ಲಿಗೇ ವಾಪಸು ಕಳಿಸಿದಳು. ಇಪ್ಪತ್ತೆಂಟನೇ ತಾರೀಕು ಭಾನುವಾರ ರೇಸು, ಇಬ್ಬರಲ್ಲಿ ಒಬ್ಬರು ಹಿಂದಿನ ದಿನ ಶನಿವಾರದೊಳಗೆ ಸರಿ ಮಾಡಿ, ಇಲ್ಲದಿದ್ದರೆ ಎರಡನ್ನೂ ಬೇರೆಯವರಿಗೆ ಕೊಡುತ್ತೇನೆ, ಮತ್ತೆ ನಿಮ್ಮ ಬಾಗಿಲಿಗೆ ಬರುವುದಿಲ್ಲ ಅಂದಳು. ಅವಳು ಬಿಟ್ಟರೆ ಅವಳ ಹಿಂದಿನ ರೇಸಿನವರೆಲ್ಲ ಬಿಡುತ್ತಾರೆ. ಈಗ ಬಿಚ್ಚಿದವನು ಸೋತವನು. ನಾನು ಬಿಚ್ಚುವುದಿಲ್ಲ. ಅವನಿಗೆ ನೀನೇ ಬರಿ. ಹೇಗೂ ಅವನಿಗೆ ಬರೆದು ಅಭ್ಯಾಸವಾಗಿದೆಯಲ್ಲ. ದೊಡ್ಡವನು ಮೊದಲೇ ಸ್ಲೇಟಿನಲ್ಲಿ ಬರೆದಿದ್ದ, ನೀನು ತಗ್ಗು ಅಂತ ಬರಿ. ನಿನ್ನ ಮಾತನ್ನು ಅವನು ತೆಗೆದುಹಾಕುವುದಿಲ್ಲ.

ಮಗಳಿಗೂ ಕೂಸಿಗೂ ನನ್ನ ಆಶೀರ್ವಾದ. ಕೂಸು ನೂರು ವರ್ಷ ಬಾಳಲಿ, ಯಾವ ಕೈಯಲ್ಲಿ ಬೇಕಾದರೂ ಉಣ್ಣಲಿ. ಮಂಡಿಗೆ ಎಣ್ಣೆ ಬಿಸಿ ಮಾಡಿ ಹಚ್ಚಿಕೋ.

ಇಂತಿ,
ನಿನಗೆ ಇಬ್ಬರು ಒಡಹುಟ್ಟಿದವರು ಅಂತ ನೆನಪಿದ್ದರೆ, ಅದರಲ್ಲಿ ದೊಡ್ಡವನು

ತಾ.ಕ.: ಕವರಿಗೆ ಅಂಟು ಹಚ್ಚುವವನಿದ್ದೆ, ತಡೆದೆ. ಮೇಲೆ ಒಂದು ಸುಳ್ಳಿದೆ. ನನ್ನ ಎಂಜಿನ್ನಿನ ಮುಂದಿನ ಮುಚ್ಚಳ ನಿನ್ನೆಯೇ ಬಿಚ್ಚಿದ್ದೇನೆ, ಹಲ್ಲುಚಕ್ರ ತೆಗೆದು ಬಟ್ಟೆಯ ಮೇಲೆ ಇಟ್ಟಿದ್ದೇನೆ. ಬರೆಯಲು ನಾಚಿಕೆಯಾಯಿತು. ಇನ್ನೊಂದು ಅದಕ್ಕಿಂತ ಕೆಟ್ಟದ್ದು. ದೋಣಿ ನೀರಿಗಿಳಿಯುವುದಕ್ಕೆ ಹತ್ತು ದಿನ ಮೊದಲೇ ತಗಡಿನಾಚೆ ಅವನ ಎಂಜಿನ್ನಿನಲ್ಲಿ ಹಲ್ಲುಚಕ್ರದ ರಾಗ ಕೇಳಿದ್ದೆ. ಅವನೂ ಎಡಕ್ಕೇ ತಿರುಗಿಸಿದ್ದಾನೆ ಅಂತ ಅವತ್ತೇ ಗೊತ್ತಾಯಿತು. ನೀರಿನ ಮೇಲೆ ನಾಲ್ಕು ಜನರ ಮುಂದೆ ಅವನ ಮಾನ ಹೋಗಲಿ ಅಂತ ಬಾಯಿ ಮುಚ್ಚಿಕೊಂಡೆ. ನನ್ನದರ ರಾಗ ಅವನಿಗೂ ಕೇಳಿರುತ್ತದೆ, ಅವನ ಕಿವಿ ನನಗಿಂತ ಚುರುಕು. ಈಗ ಆಚೆಯಿಂದ ರ‍್ಯಾಚೆಟ್ಟಿನ ಟಕಟಕ ಕೇಳುತ್ತಿದೆ, ಮುಂದಿನ ಮುಚ್ಚಳದ ಬೋಲ್ಟೇ ಅದು. ಅವನೂ ಬಿಚ್ಚುತ್ತಿದ್ದಾನೆ ಕಣೇ. ಇಬ್ಬರೂ ಬಿಚ್ಚಿ ಮತ್ತೆ ಚೈನು ಹಾಕಿದರೆ ಎರಡೂ ಬಲಕ್ಕೇ ತಿರುಗಿ, ಶನಿವಾರ ದೋಣಿ ಆ ಕಡೆಗೆ ಬುಗುರಿಯಾಗುತ್ತದೆ. ಕಳಿಸಲು ನೀನಿಲ್ಲ. ಸ್ಲೇಟಿನಲ್ಲಿ ಬರೆದದ್ದು ಸಾಕು. ನಾನೇ ಹೋಗುತ್ತೇನೆ. "ಆ ಕತ್ತೆಗೆ ಹೇಳು" ಅಂತ ನಾನು ಇಲ್ಲಿ ಅಂದದ್ದನ್ನು ನೀನು ಅಲ್ಲಿ ಹೋಗಿ ಹೇಗೆ ಹೇಳುತ್ತಿದ್ದೆ ಅಂತ ನನಗೆ ಕೇಳುತ್ತಿತ್ತು, ತಗಡು ಎಷ್ಟು ದಪ್ಪ ಇದ್ದೀತು. ನೀನು ಹೇಳುತ್ತಿದ್ದಂತೆಯೇ ಶುರು ಮಾಡುತ್ತೇನೆ: "ಅಣ್ಣ ಕೇಳ್ತಿದಾನೆ ಕಣೋ."