ಕೌದಿಗೆ ತುತ್ತು, ಹೊಲಿದವಳಿಗೆ ಸೊನ್ನೆ

ಬೆಲೆಮನೆ, ಕೋಣೆ ಹದಿನಾಲ್ಕು
೨೩೧೪, ಫೆಬ್ರುವರಿ ಮೂವತ್ತೊಂದು

ಪೂಜ್ಯ ಫಕೀರವ್ವಜ್ಜಿಯವರ ಪಾದಗಳಿಗೆ,

ತಮ್ಮ ಮರಿಮಗಳ ಮರಿಮಗಳ ಮರಿಮಗಳಾದ ಶಿವಲೀಲೆ, ವಯಸ್ಸು ಹದಿನೇಳು, ಮಾಡುವ ವಿಜ್ಞಾಪನೆ. ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಪಾಪ ಫೆಬ್ರುವರಿಗೂ ಪೂರ್ತಿ ದಿನ ಕೊಟ್ಟಿದ್ದಾರೆ. ಮಾತು ವಿಚಿತ್ರವೆನಿಸಿದರೆ, ಇನ್ನೂ ಹುಟ್ಟದವಳ ತಪ್ಪೆಂದು ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಬೆಲೆಮನೆಯಲ್ಲಿ ಬಂದಿ. ಕೈಯಿಂದ ಮಾಡಿದ್ದನ್ನು ಮಾರುವವರನ್ನು ಮೊದಲು ಇಲ್ಲಿ ಕೂಡಿಹಾಕುತ್ತಾರೆ. ಮಾಡಿದಷ್ಟು ದಿನವೂ ಅದರ ಬೆಲೆಯಿಂದ ಹೊಟ್ಟೆ ತುಂಬುತ್ತದೆಂದು ಲೆಕ್ಕ ತೋರಿಸಿದರೆ ಬಾಗಿಲು ತೆರೆಯುತ್ತದೆ. ಒಳ್ಳೆಯ ಕಾಯಿದೆಯೇ ಎನ್ನಿ. ಆದರೆ ಲೆಕ್ಕ ಹಾಕಬೇಕಾದದ್ದು ಮೂಲಚೀಟಿಯ ಪ್ರಕಾರ. ಎಂದರೆ ವಂಶದಲ್ಲಿ ಮೊದಲು ಮಾರಿದವರು ಬರೆದ ಚೀಟಿ. ಬೆಲೆ ಕಟ್ಟುವುದು ಅದರ ಖರ್ಚಿನ ಸಾಲುಗಳ ಮೇಲೆಯೇ; ಅಂಕಿಗಳನ್ನು ಕಾಲಕ್ಕೆ ತಕ್ಕಂತೆ ಏರಿಸಬಹುದು, ಹೊಸ ಸಾಲು ಸೇರಿಸುವಂತಿಲ್ಲ. ತಾವು ಮಾರಿದ ಹೊದೆಯುವ ಕೌದಿಯ ಚೀಟಿಯೇ ನಮ್ಮ ಮೂಲಚೀಟಿ; ಅದು ತಮ್ಮದೇ ಕೈಬರಹದಲ್ಲಿ ಗಾಜಿನೊಳಗೆ ನನ್ನೆದುರಿಗಿದೆ: ಹಳೆ ಸೀರೆ, ದಾರ, ಸೂಜಿ, ಬಸ್ ಚಾರ್ಜು, ಕೌದಿಗೆ ತುತ್ತು, ಒಟ್ಟು ನಾನೂರ ಎಂಬತ್ತು. ಮಾರಿದ್ದು ಆರುನೂರಕ್ಕೆ, ಲಾಭ ನೂರಾ ಇಪ್ಪತ್ತು. ಹೊಲಿದದ್ದು ಮೂವತ್ತೈದು ದಿನ. ದಿನಕ್ಕೆ ಮೂರೂವರೆ ರೂಪಾಯಿಯೂ ಬೀಳಲಿಲ್ಲವಲ್ಲ ಅಜ್ಜಿ! ಕೌದಿ ಹಸಿದಿರಬಾರದೆಂದು ಮೂಲೆಯಲ್ಲಿ ರೊಟ್ಟಿಯ ಚೂರಿಟ್ಟು ಹೊಲಿದಿರಿ, ಅದರ ಎರಡು ರೂಪಾಯಿಯನ್ನೂ ಮರೆಯದೆ ಬರೆದಿರಿ. ಹೊಲಿದವಳು ತಿಂದ ರೊಟ್ಟಿ?

ಒಂಬತ್ತು ದಿನವಾಯಿತು. ಕಿಟಕಿಯಿಲ್ಲ. ಕಾಲು ಚಾಚಿದರೆ ಒಂದು ಗೋಡೆ, ಮಡಚಿದರೆ ಇನ್ನೊಂದು. ನಾನೇನು ಸುಮ್ಮನೆ ಕೂತವಳಲ್ಲ. ನನ್ನ ಕೌದಿಗೂ ಮೂವತ್ತೈದು ದಿನ ಹಿಡಿದಿತ್ತಾದ್ದರಿಂದ, ನಾನು ತಿಂದ ಎಪ್ಪತ್ತು ರೊಟ್ಟಿಗಳನ್ನು ದಾರದ ಸಾಲಿನಲ್ಲಿ ಗಂಭೀರವಾಗಿ ನಮೂದಿಸಿದೆ. ಕಾವಲಿನ ದೇಮಣ್ಣ ಮಾವ ಕಿಂಡಿಯಲ್ಲಿ ಮೂಗು ತೂರಿಸಿದ.

"ಏನವಾ ಲೀಲಾ, ರೊಟ್ಟಿ ಯಾವಾಗಿಂದ ದಾರ ಆತು?"

"ಅದಿಲ್ಲಂದ್ರ ಕೈ ಓಡಂಗಿಲ್ರಿ ಮಾವಾರ. ಅಂದಮ್ಯಾಲ ದಾರಾನ ಅಲ್ಲೇನ್ರಿ?"

"ಹಂಗಾರ ಸೂಜ್ಯಾಗ ಪೋಣಿಸಿ ತೋರ್ಸು. ಬಾಗ್ಲಾ ತೆಗೀತೀನಿ."

ಅರ್ಧ ದಿನ ಪ್ರಯತ್ನಿಸಿದೆ. ರೊಟ್ಟಿ ಪುಡಿಯಾಯಿತು.

ಹೊರಬರಲು ಇನ್ನೊಂದು ದಾರಿಯುಂಟು: ನಷ್ಟವೆಂದು ರುಜು ಹಾಕುವುದು. ಹಾಕಿದರೆ ನಮ್ಮ ಮನೆಯ ಹೊಲಿಗೆಹಕ್ಕು ರದ್ದು, ಅವ್ವನ ಕೈಯಿಂದ ಸೂಜಿ ಕಿತ್ತುಕೊಳ್ಳುತ್ತಾರೆ. ಅವ್ವನಿಗೋ ಬೇರೇನೂ ಬರುವುದಿಲ್ಲ. ಆದರೂ ದಿನಾ ಗೋಡೆಯಾಚೆ ನಿಂತು ಕೂಗುತ್ತಾಳೆ: "ಹಾಕಿಬಿಡ ನನ್ ಕೂಸ! ಸೂಜಿ ಹೋದ್ರ ಹೋಗ್ಲಿ, ನೀ ಹೊರಗ ಬಾ!" ನಾಳೆ ಗಡುವು. ನಾಳೆ ನಾನು ಹಾಕದಿದ್ದರೆ ಬೆಲೆಮನೆಯವರೇ ರುಜು ಹಾಕಿಕೊಳ್ಳುತ್ತಾರೆ.

ಆದಕಾರಣ ಇದನ್ನು ಹಿಮ್ಮುಖ ಅಂಚೆಗೆ ಹಾಕುತ್ತಿದ್ದೇನೆ. ಅದು ಹಿಂದಿನ ಕಾಲಕ್ಕೆ ತಲೆಗೊಂದೇ ಹಾಳೆ ಒಯ್ಯುವ ಟಪಾಲು. ಕೈಸೇರುವಾಗ ತಾವು ಆ ಮೊದಲ ಕೌದಿ ಹರವಿಕೊಂಡು ಸಂತೆಯಲ್ಲಿ ಕೂತಿರುತ್ತೀರಿ. ಚೀಟಿ ತೆಗೆಯಿರಿ. ಕೌದಿಯ ತುತ್ತಿನ ಕೆಳಗೆ "ಹೊಲಿದ ಕೂಲಿ" ಎಂದು ಬರೆಯಿರಿ, ಮೂವತ್ತೈದು ದಿನದ್ದೂ, ನಾಚದೆ. ಬೆಲೆ ಕೇಳಿ ಗಿರಾಕಿ ಮೂಗು ಮುರಿದು ಎದ್ದು ಹೋಗುತ್ತಾಳೆ. ಹತ್ತು ಹೆಜ್ಜೆ ಹೋಗಿ ನಡಿಗೆ ನಿಧಾನ ಮಾಡುತ್ತಾಳೆ, ತಾವು ಬೆಲೆ ಇಳಿಸಿ ಕರೆಯಲೆಂದೇ.

ಅಜ್ಜಿ, ಕೈಮುಗಿಯುತ್ತೇನೆ, ಕರೆಯಬೇಡಿ.